ಮನಸ್ಸಿನ ಮದ್ದಿಗೆ ಮಾಯಾಲೋಕ

2009ರ ನವೆಂಬರ್ ತಿಂಗಳ ಎರಡನೇ ವಾರವನ್ನು ನೀಲಗಿರಿಯವರು ಯಾರೂ ಮರೆತಿಲ್ಲ. ಕೂನೂರು, ಕೋತಗಿರಿ, ಕೇತಿ, ಊಟಿ ಸುತ್ತಮುತ್ತ ನೂರಾರು ಕಡೆ ಗುಡ್ಡ ಜಾರಿತು. ನಲವತ್ತಕ್ಕೂ ಹೆಚ್ಚು ಜನ ಸತ್ತರು. ರಸ್ತೆ ಹೋಯಿತು, ಬೆಟ್ಟದ ರೈಲು ನಿಂತಿತು.

ಆಗ ನನ್ನ ನಾಲ್ಕನೇ ತರಗತಿಯಲ್ಲಿದ್ದ ಹುಡುಗನೊಬ್ಬ ಅದೇ ವಾರ ಕೇತಿ ಕಡೆ ತನ್ನ ಹೆತ್ತೆಯ ಹಟ್ಟಿಗೆ ಹೋಗಿದ್ದ. ಬಡಗ ಮಾತಿನಲ್ಲಿ ಹೆತ್ತೆ ಅಂದರೆ ಅಜ್ಜಿ, ಹಟ್ಟಿ ಅಂದರೆ ಊರು. ಬಯಲುಸೀಮೆಯ ಓದುಗರಿಗಾಗಿ ಹೇಳಿದೆ. ರಾತ್ರಿ ಮನೆಯ ಹಿಂದಿನ ದಿಬ್ಬ ಕುಸಿದು ಹಿಂಗೋಡೆ ಒಳಕ್ಕೆ ಬಿತ್ತು. ಮನೆಯವರೆಲ್ಲ ಉಳಿದರು, ಕೊಟ್ಟಿಗೆಯ ಹಸು ಉಳಿಯಲಿಲ್ಲ. ಹುಡುಗ ಮಂಜೂರಿಗೆ ವಾಪಸು ಬಂದ. ಅಂದಿನಿಂದ ಶಾಲೆಯ ಶೀಟಿನ ಮೇಲೆ ಮಳೆ ಬಿದ್ದ ಸದ್ದು ಕೇಳಿದರೆ ಸಾಕು, ಚೀಲ ಎತ್ತಿಕೊಂಡು ಓಡುತ್ತಿದ್ದ. ನಮ್ಮೂರಿನ ಮಳೆ ನಿಮಗೆ ಗೊತ್ತಲ್ಲ, ದಿನಕ್ಕೆ ಮೂರು ಸಲ ಓಡಬೇಕಾಗುತ್ತಿತ್ತು!

ನಾನು ಏನು ಮಾಡಿದೆ? ಗದರಿಸಿದೆ. "ಮಳೆಗೆ ಹೆದರೋನು ನೀಲಗಿರಿಯಲ್ಲಿ ಬದುಕೋದು ಹೇಗೋ" ಅಂತ ಎಲ್ಲರ ಮುಂದೆ ಅಂದೆ. ಒಂದು ದಿನ ಬಾಗಿಲು ಹಾಕಿಸಿ ಕೂರಿಸಿದೆ. ಮಾರನೇ ದಿನದಿಂದ ಅವನು ಶಾಲೆಗೇ ಬರಲಿಲ್ಲ. ಟಿ.ಸಿ.ಎಚ್. ಓದುವಾಗ ನಮಗೆ ಮಕ್ಕಳ ಮನೋವಿಜ್ಞಾನ ಇತ್ತು. ಒಳ್ಳೆಯ ಅಂಕವೂ ಬಂದಿತ್ತು. ಅಂಕ ಬಂದದ್ದಷ್ಟೇ.

ಆ ಹುಡುಗನ ವಿಷಯಕ್ಕೆ ಕೊನೆಗೆ ಮತ್ತೆ ಬರುತ್ತೇನೆ. ಈಚೆಗೆ ಮನೋರೋಗದ ಚಿಕಿತ್ಸೆಯಲ್ಲಿ ಕಂಪ್ಯೂಟರಿನ ಮಾಯಾಲೋಕವನ್ನೂ ಕಾರ್ಟೂನ್ ಚಿತ್ರಗಳನ್ನೂ ಬಳಸುವ ಬಗ್ಗೆ ಓದುತ್ತಾ ಹೋದಾಗ ಅವನೇ ಪದೇ ಪದೇ ನೆನಪಾದ. ಇದನ್ನು ಹೊಸ ಸುದ್ದಿ ಅಂದುಕೊಂಡಿದ್ದೆ. ಓದಿದರೆ ದೊಡ್ಡ ಇತಿಹಾಸವೇ ಇದೆ. ಶಿಕ್ಷಕ ಬಂಧುಗಳಿಗೂ ಪಾಲಕರಿಗೂ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಕಥೆ ಮಾಯಾದೀಪದಿಂದ ಶುರುವಾಗುತ್ತದೆ. ಸಿನಿಮಾ ಹುಟ್ಟುವ ಮುಂಚೆ, ಗಾಜಿನ ಮೇಲೆ ಬರೆದ ಚಿತ್ರವನ್ನು ದೀಪದ ಬೆಳಕಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸುವ ಒಂದು ಪೆಟ್ಟಿಗೆ ಇತ್ತು. 1840ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಥಾಮಸ್ ಕರ್ಕ್‌ಬ್ರೈಡ್ ಅನ್ನುವ ವೈದ್ಯ ಸಂಜೆ ಹೊತ್ತು ರೋಗಿಗಳನ್ನು ಕೂರಿಸಿ ಈ ಪೆಟ್ಟಿಗೆಯಿಂದ ಚಿತ್ರ ತೋರಿಸತೊಡಗಿದ. ಅದೇ ಊರಿನ ಲಾಂಗನ್‌ಹೈಮ್ ಸಹೋದರರು 1850ರ ಹೊತ್ತಿಗೆ ಗಾಜಿನ ಮೇಲೆ ಫೋಟೋವನ್ನೇ ಮೂಡಿಸುವ ವಿಧಾನ ಕಂಡುಹಿಡಿದರು. ಆ ಗಾಜುಗಳೂ ಅವನ ಆಸ್ಪತ್ರೆಗೆ ಬಂದವು. ಬೀಗ ಹಾಕಿದ ಕೋಣೆಯೊಳಗೆ ಒಂದೇ ಯೋಚನೆಯಲ್ಲಿ ಸುತ್ತುವ ಮನಸ್ಸಿಗೆ ದೂರದ ಊರು, ನದಿ, ಕಟ್ಟಡ ತೋರಿಸಿದರೆ ಆ ಸುತ್ತು ಒಂದಷ್ಟು ಹೊತ್ತಾದರೂ ತಪ್ಪುತ್ತದೆ ಅನ್ನುವುದು ಅವನ ನಂಬಿಕೆ. ಸರಪಳಿಯೇ ಔಷಧ ಅಂದುಕೊಂಡಿದ್ದವರು ಇನ್ನೂ ಬಹಳ ಮಂದಿ ಇದ್ದ ಕಾಲ ಅದು.

ಬೆಂಗಳೂರಿನಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅನ್ನುವ ವೈದ್ಯ ಮಾನಸಿಕ ರೋಗಿಗಳಿಗೆಂದೇ ಒಂದು ಆಶ್ರಯ ತೆರೆದದ್ದೂ ಅದೇ ದಶಕದಲ್ಲಿ, 1847ರಲ್ಲಿ. ಜನ ಅದನ್ನು ಹುಚ್ಚಾಸ್ಪತ್ರೆ ಅಂದರು. 1925ರಲ್ಲಿ ಮೈಸೂರು ಸರ್ಕಾರ ಹೆಸರು ಬದಲಿಸಿ ಮಾನಸಿಕ ಆಸ್ಪತ್ರೆ ಅಂತ ಮಾಡಿತು. ಜನರ ಬಾಯಲ್ಲಿ ಬದಲಾಗಲಿಲ್ಲ ಅನ್ನಿ. 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಕೂಡಿ ನಾವೆಲ್ಲ ಬಲ್ಲ ನಿಮ್ಹಾನ್ಸ್ ಆಯಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಮಾಯಾದೀಪ ಮನಸ್ಸಿಗೆ ಹಿತ ಕೊಡುತ್ತಿತ್ತು, ಸರಿ. ಆದರೆ ಹೆದರಿಕೆಯನ್ನೇ ಎದುರು ಹಾಕಿಕೊಂಡು ವಾಸಿ ಮಾಡುವ ವಿದ್ಯೆ ಬೇರೆ ದಾರಿಯಿಂದ ಬಂತು. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಅನ್ನುವಾಕೆ ಒಂದು ಲೇಖನ ಪ್ರಕಟಿಸಿದರು. ಪೀಟರ್ ಅಂತ ಮೂರು ವರ್ಷ ತುಂಬುತ್ತಿದ್ದ ಮಗು, ಮೊಲ ಕಂಡರೆ ಕಿರುಚುತ್ತಿತ್ತು. ಆಕೆ ಮಗುವಿಗೆ ಇಷ್ಟವಾದ ತಿಂಡಿ ಕೊಟ್ಟು, ಅದು ತಿನ್ನುತ್ತಿರುವಾಗ ಪಂಜರದಲ್ಲಿನ ಮೊಲವನ್ನು ಕೋಣೆಯ ಆ ಮೂಲೆಯಲ್ಲಿಟ್ಟರು. ಆಮೇಲೆ ಸ್ವಲ್ಪ ಹತ್ತಿರ, ಆಮೇಲೆ ಇನ್ನೂ ಹತ್ತಿರ. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಆಡಲು ಬಿಟ್ಟರು. ಕೊನೆಗೆ ಪೀಟರ್ ಮೊಲವನ್ನು ಸವರಿದ. ಇಷ್ಟೇ. ಮುಂದೆ ಬಂದ ಎಲ್ಲ ಯಂತ್ರಗಳ ಹಿಂದೆ ಇರುವುದು ಈ ತಿಂಡಿ ತಟ್ಟೆ ಮತ್ತು ಮೊಲದ ಪಂಜರ.

ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1958ರ ತನ್ನ ಪುಸ್ತಕದಲ್ಲಿ ಇದಕ್ಕೊಂದು ಕ್ರಮ ಕಟ್ಟಿಕೊಟ್ಟ. ಮೊದಲು ಮೈ ಸಡಿಲ ಬಿಡಲು ಕಲಿಸುವುದು. ಆಮೇಲೆ ರೋಗಿಯ ಹೆದರಿಕೆಗಳನ್ನು ಏಣಿಯ ಮೆಟ್ಟಿಲಿನ ಹಾಗೆ ಕೆಳಗಿಂದ ಮೇಲಕ್ಕೆ ಬರೆದುಕೊಳ್ಳುವುದು. ಕಣ್ಣು ಮುಚ್ಚಿ ಅತಿ ಕೆಳಗಿನ ಮೆಟ್ಟಿಲನ್ನು ಕಲ್ಪಿಸಿಕೊಳ್ಳಲು ಹೇಳುವುದು. ಅದು ಹಗುರಾದರೆ ಮುಂದಿನದು. ಒಂದು ತೊಡಕು ಮಾತ್ರ ಉಳಿಯಿತು. ಎಲ್ಲರಿಗೂ ಕಣ್ಣು ಮುಚ್ಚಿದರೆ ಚಿತ್ರ ಮೂಡುವುದಿಲ್ಲ. ನಿಜವಾದ ಜಾಗಕ್ಕೇ ಕರೆದುಕೊಂಡು ಹೋಗೋಣ ಅಂದರೆ ವಿಮಾನಕ್ಕೆ ಹೆದರುವವನಿಗೆ ದಿನಾ ಟಿಕೆಟ್ ಕೊಡಿಸುವವರು ಯಾರು?

ಇಲ್ಲಿಗೆ ಬಂತು ಸಿನಿಮಾ. 1968ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ನಾಯಿಗೆ ಹೆದರುವ ಪುಟ್ಟ ಮಕ್ಕಳಿಗೆ ಬೇರೆ ಮಕ್ಕಳು ನಾಯಿಯ ಜೊತೆ ಆಡುವ ಚಿಕ್ಕ ಚಿಕ್ಕ ಚಿತ್ರಗಳನ್ನು ತೋರಿಸಿದರು. ನೋಡಿದ ಮಕ್ಕಳ ಹೆದರಿಕೆ ಕಡಿಮೆಯಾಯಿತು. 1975ರಲ್ಲಿ ಬಾರ್ಬರಾ ಮೆಲಮೆಡ್ ಮತ್ತು ಲಾರೆನ್ಸ್ ಸೀಗಲ್ ಇನ್ನೊಂದು ಪ್ರಯೋಗ ಮಾಡಿದರು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಶಾಲಾ ಮೇಷ್ಟರಿಗೆ ತೀರಾ ಹತ್ತಿರದ್ದು ಇದೇ. ಈಥನ್ ಅನ್ನುವ ಹುಡುಗ ಆಪರೇಷನ್‌ಗೆ ಆಸ್ಪತ್ರೆ ಸೇರುವ ಹದಿನಾರು ನಿಮಿಷದ ಚಿತ್ರ ಅದು. ಭರ್ತಿಯಾಗುವುದು, ರಕ್ತ ತೆಗೆಯುವುದು, ಅಪ್ಪ ಅಮ್ಮನನ್ನು ಬಿಟ್ಟು ಒಳಗೆ ಹೋಗುವುದು, ಎಚ್ಚರವಾಗುವುದು ಎಲ್ಲವನ್ನೂ ಅವನೇ ಹೇಳುತ್ತಾನೆ. ಭಯವಾಯಿತು ಅಂತಲೂ ಹೇಳುತ್ತಾನೆ, ಹೇಗೆ ತಡೆದುಕೊಂಡೆ ಅಂತಲೂ ಹೇಳುತ್ತಾನೆ. ಹರ್ನಿಯಾ, ಟಾನ್ಸಿಲ್ ಮುಂತಾದ ಆಪರೇಷನ್‌ಗೆ ಬಂದಿದ್ದ ಅರುವತ್ತು ಮಕ್ಕಳಲ್ಲಿ ಅರ್ಧ ಜನಕ್ಕೆ ಇದನ್ನು ತೋರಿಸಿ, ಉಳಿದವರಿಗೆ ಆಸ್ಪತ್ರೆಗೆ ಸಂಬಂಧವೇ ಇಲ್ಲದ ಬೇರೆ ಚಿತ್ರ ತೋರಿಸಿದರು. ಈಥನ್‌ನನ್ನು ನೋಡಿದ ಮಕ್ಕಳು ಆಪರೇಷನ್‌ಗೆ ಮುಂಚೆಯೂ ಆಮೇಲೆಯೂ ಕಡಿಮೆ ಹೆದರಿದ್ದರು.

ಗಮನಿಸಿ, ಈಥನ್ ಧೀರನಲ್ಲ. ನಮ್ಮ ಪಠ್ಯಪುಸ್ತಕದ ವೀರ ಬಾಲಕರ ಹಾಗೆ ಒಂದು ಸಲವೂ ಅಳದವನಾಗಿದ್ದರೆ ಆ ಮಕ್ಕಳು ಅವನನ್ನು ನಂಬುತ್ತಿದ್ದರೇ ಅಂತ ನನಗೆ ಅನುಮಾನ.

ಇನ್ನು ಮಾಯಾಲೋಕ. 1984ರಲ್ಲಿ ಬಂದ ಮಲಯಾಳಂನ ಮೈ ಡಿಯರ್ ಕುಟ್ಟಿಚಾತ್ತನ್ ನಮ್ಮ ದೇಶದ ಮೊದಲ 3ಡಿ ಸಿನಿಮಾ. ಆ ರಟ್ಟಿನ ಕನ್ನಡಕ ಹಾಕಿಕೊಂಡು ನೋಡಿದವರಿಗೆ ಪರದೆಯಿಂದ ವಸ್ತು ಮುಖದ ಮೇಲೇ ಬಂದಾಗ ತಲೆ ತಾನಾಗಿ ಹಿಂದಕ್ಕೆ ಹೋದದ್ದು ನೆನಪಿರಬಹುದು. ಸುಳ್ಳು ಅಂತ ಗೊತ್ತಿದ್ದರೂ ಮೈ ನಂಬುತ್ತದೆ. ವರ್ಚುವಲ್ ರಿಯಾಲಿಟಿ ಅನ್ನುವುದು ಇದರ ಮುಂದಿನ ಹೆಜ್ಜೆ. ಕಣ್ಣೆರಡನ್ನೂ ಮುಚ್ಚುವ ಹೆಡ್‌ಸೆಟ್‌ನೊಳಗೆ ಪುಟ್ಟ ಪರದೆ ಇರುತ್ತದೆ. ನೀವು ತಲೆ ತಿರುಗಿಸಿದರೆ ಒಳಗಿನ ಲೋಕವೂ ಅದಕ್ಕೆ ತಕ್ಕಂತೆ ತಿರುಗುತ್ತದೆ, ಬಗ್ಗಿ ನೋಡಿದರೆ ಕೆಳಗೆ ಪ್ರಪಾತ ಕಾಣುತ್ತದೆ. ಇಂಥದ್ದನ್ನು 1968ರಲ್ಲೇ ಐವಾನ್ ಸದರ್‌ಲ್ಯಾಂಡ್ ಮಾಡಿ ತೋರಿಸಿದ್ದ. ಅದು ಎಷ್ಟು ಭಾರ ಅಂದರೆ ಚಾವಣಿಯಿಂದ ತೂಗುಹಾಕಬೇಕಾಗಿತ್ತು!

ಚಿಕಿತ್ಸೆಗೆ ಅದು ಬಂದದ್ದು 1990ರ ದಶಕದಲ್ಲಿ. ಅಟ್ಲಾಂಟಾದಲ್ಲಿ ಬಾರ್ಬರಾ ರಾಥ್‌ಬಾಮ್ ಅನ್ನುವ ಮನೋವಿಜ್ಞಾನಿಯೂ ಲ್ಯಾರಿ ಹಾಡ್ಜಸ್ ಅನ್ನುವ ಕಂಪ್ಯೂಟರ್ ಪರಿಣತನೂ ಸೇರಿ ಎತ್ತರಕ್ಕೆ ಹೆದರುವ ಕಾಲೇಜು ವಿದ್ಯಾರ್ಥಿಗಳಿಗಾಗಿ ಕಂಪ್ಯೂಟರಿನಲ್ಲಿ ತೂಗುಸೇತುವೆ, ಬಾಲ್ಕನಿ, 49 ಅಂತಸ್ತು ಏರುವ ಗಾಜಿನ ಲಿಫ್ಟ್ ಕಟ್ಟಿದರು. ಚಿತ್ರಗಳು ಇಂದಿನ ಮಕ್ಕಳು ನೋಡಿದರೆ ನಗುವಷ್ಟು ಒರಟು. ಆದರೂ ವಿದ್ಯಾರ್ಥಿಗಳ ಕೈ ಬೆವರಿತು, ಮಂಡಿ ನಡುಗಿತು. ವಾರಗಳು ಕಳೆದಂತೆ ಅದು ಇಳಿಯಿತು. ಕೆಲವರು ತಾವಾಗಿಯೇ ಹೊರಗಿನ ನಿಜವಾದ ಎತ್ತರದ ಜಾಗಗಳಿಗೂ ಹೋಗಿಬಂದರು. 1995ರಲ್ಲಿ ಇದು ಪ್ರಕಟವಾಯಿತು.

ಅದೇ ತಂಡ ವಿಯೆಟ್ನಾಂ ಯುದ್ಧದಿಂದ ಬಂದು ಇಪ್ಪತ್ತೈದು ಮೂವತ್ತು ವರ್ಷ ಕಳೆದರೂ ನಿದ್ದೆಯಲ್ಲಿ ಕೂಗುತ್ತಿದ್ದ ಸೈನಿಕರಿಗಾಗಿ ಹೆಲಿಕಾಪ್ಟರ್ ಮತ್ತು ಕಾಡಿನ ಬಯಲು ಕಟ್ಟಿತು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಕಟ್ಟಡಗಳು ಬಿದ್ದ ಮೇಲೆ ಜೋಆನ್ ಡಿಫೀಡಿ ಮತ್ತು ಹಂಟರ್ ಹಾಫ್‌ಮನ್ ಆ ದಿನವನ್ನೇ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿದರು. ಮೊದಲು ವಿಮಾನ ಬರೀ ಹಾದುಹೋಗುತ್ತದೆ, ಏನೂ ಆಗುವುದಿಲ್ಲ. ಮುಂದೆ ಒಂದು ದಿನ ಬಡಿಯುತ್ತದೆ, ಸದ್ದಿಲ್ಲ. ಇನ್ನೂ ಮುಂದೆ ಸದ್ದು. ಯಾವ ಮೆಟ್ಟಿಲಲ್ಲಿ ಎಷ್ಟು ದಿನ ನಿಲ್ಲಬೇಕು ಅನ್ನುವುದು ರೋಗಿಯನ್ನು ನೋಡಿ ತೀರ್ಮಾನ. ಬಾಗಿಲು ಹಾಕಿಸಿ ಕೂರಿಸಿದ್ದ ನಾನು ಇದನ್ನು ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಹಾಫ್‌ಮನ್ ಮಾಡಿದ ಇನ್ನೊಂದು ಕೆಲಸ ನಮ್ಮ ಕಡೆಯವರಿಗೆ ಇಷ್ಟವಾಗಬಹುದು. ಸಿಯಾಟಲ್‌ನಲ್ಲಿ ಸುಟ್ಟಗಾಯದ ರೋಗಿಗಳಿಗೆ ಪಟ್ಟಿ ಬಿಚ್ಚಿ ಗಾಯ ತೊಳೆಯುವಾಗಿನ ನೋವು ನೋವುನಿವಾರಕಗಳಿಗೂ ಪೂರ್ತಿ ಬಗ್ಗುತ್ತಿರಲಿಲ್ಲ. ಅವರಿಗಾಗಿ ಆತ ಮಂಜಿನ ಕಣಿವೆಯೊಂದನ್ನು ಕಟ್ಟಿದ. ಹೆಡ್‌ಸೆಟ್ ಹಾಕಿಕೊಂಡವರು ಮಂಜಿನ ಉಂಡೆ ಎಸೆಯುತ್ತಾ ಪೆಂಗ್ವಿನ್‌ಗಳ ನಡುವೆ ತೇಲಿ ಹೋಗುತ್ತಾರೆ. ಅಷ್ಟು ಹೊತ್ತು ನೋವಿನ ಕಡೆ ಗಮನ ಕಡಿಮೆಯಾಗುತ್ತದೆ, ನೋವೂ ಕಡಿಮೆ ಅನಿಸುತ್ತದೆ. ಜನವರಿಯಲ್ಲಿ ಅವಲಾಂಚಿಯ ಹುಲ್ಲಿನ ಮೇಲೆ ಬೆಳ್ಳಗೆ ಬೀಳುವ ಹಿಮ ನೋಡಿದವರಿಗೆ ಬೆಂಕಿಗೆ ಇದೇ ಮದ್ದು ಅಂತ ಹೊಳೆದದ್ದು ಆಶ್ಚರ್ಯವಲ್ಲ.

ಇಲ್ಲಿಯವರೆಗಿನದು ಹೆದರಿಕೆ, ನೋವಿನ ಮಾತು. ಕಿವಿಯಲ್ಲಿ ಯಾರೋ ಬೈದಂತೆ, ಅಪ್ಪಣೆ ಕೊಟ್ಟಂತೆ ದನಿ ಕೇಳುವ ಕಾಯಿಲೆ ಇದೆಯಲ್ಲ, ಅದಕ್ಕೆ? ಲಂಡನ್ನಿನ ಹಿರಿಯ ಮನೋವೈದ್ಯ ಜೂಲಿಯನ್ ಲೆಫ್ ಒಂದು ಉಪಾಯ ಮಾಡಿದರು. ರೋಗಿಯನ್ನೇ ಕೇಳಿ, ಆ ದನಿಗೆ ಎಂಥ ಮುಖ ಇದ್ದೀತು, ಎಂಥ ಸ್ವರ ಇದ್ದೀತು ಅಂತ ಕಂಪ್ಯೂಟರಿನಲ್ಲಿ ಒಂದು ಗೊಂಬೆ ಮುಖ ಮಾಡಿಸುವುದು. ವೈದ್ಯ ಪಕ್ಕದ ಕೋಣೆಯಲ್ಲಿ ಕೂತು ಆ ಮುಖದ ಬಾಯಿಂದ ಮಾತಾಡುವುದು, ನಡುನಡುವೆ ತನ್ನ ಸ್ವಂತ ದನಿಯಲ್ಲಿ ರೋಗಿಗೆ ಧೈರ್ಯ ಹೇಳುವುದು. ರೋಗಿ ಎದುರು ಉತ್ತರ ಕೊಡಲು ಕಲಿಯುತ್ತಾನೆ. ಗೊಂಬೆ ಮುಖ ದಿನ ಕಳೆದಂತೆ ತಗ್ಗುತ್ತದೆ, ಸೋಲುತ್ತದೆ. 2013ರಲ್ಲಿ ಪ್ರಕಟವಾದ ಮೊದಲ ಸಣ್ಣ ಪ್ರಯೋಗದಲ್ಲಿ ವರ್ಷಗಟ್ಟಲೆ ದನಿ ಕೇಳಿದ್ದ ಮೂವರಿಗೆ ಅದು ನಿಂತೇಹೋಯಿತು. 2018ರಲ್ಲಿ 150 ಜನರ ಮೇಲಿನ ದೊಡ್ಡ ಪರೀಕ್ಷೆ ಬಂತು. ಹನ್ನೆರಡು ವಾರಕ್ಕೆ ಗೊಂಬೆ ಮುಖದ ಚಿಕಿತ್ಸೆ ಪಡೆದವರು ಬರೀ ಆಪ್ತಸಮಾಲೋಚನೆ ಪಡೆದವರಿಗಿಂತ ಮುಂದಿದ್ದರು. ಇಪ್ಪತ್ತನಾಲ್ಕು ವಾರಕ್ಕೆ ನೋಡಿದರೆ ಆ ವ್ಯತ್ಯಾಸ ಉಳಿದಿರಲಿಲ್ಲ. ಸಮಾಲೋಚನೆಯವರೂ ಸುಧಾರಿಸಿದ್ದರು. ಯಂತ್ರದ ಜಾಹೀರಾತು ಬರೆಯುವವರು ಈ ಎರಡನೇ ಅರ್ಧ ಬಿಟ್ಟುಬಿಡುತ್ತಾರೆ. ಪಕ್ಕದಲ್ಲಿ ಕೂತು ಕೇಳುವ ಮನುಷ್ಯನಿಗೂ ಯಂತ್ರದಷ್ಟೇ ಲೆಕ್ಕ ಇದೆ ಅಂತ ನಾನು ಅದನ್ನು ಓದಿಕೊಂಡೆ.

ಲೆಫ್ ಅವರ ಉಪಾಯ ಓದುವಾಗ ನನಗೆ ನೆನಪಾದದ್ದು ಕೋಟ. ಶಿವರಾಮ ಕಾರಂತರು ಹುಟ್ಟಿದ, ಉಡುಪಿ ಸೀಮೆಯ ಅದೇ ಕೋಟ. ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅನ್ನುವ ಇಬ್ಬರು ಮನೋವೈದ್ಯರು ಆ ಊರಿನವರ ಮಾನಸಿಕ ಕಷ್ಟಗಳನ್ನು ಮನೆಮನೆಗೂ ಹೋಗಿ ತಿಳಿದುಕೊಂಡು 1976ರಲ್ಲಿ ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ ಅಂತ ಪುಸ್ತಕ ತಂದರು. ಊರವರು ಪಂಡಿತರ ಹತ್ತಿರವೂ ಮಂತ್ರವಾದಿಯ ಹತ್ತಿರವೂ ಪಾತ್ರಿಯ ಹತ್ತಿರವೂ ಹೋಗುತ್ತಿದ್ದುದನ್ನು ಅದರಲ್ಲಿ ದಾಖಲಿಸಿದ್ದಾರೆ. ಪಾತ್ರಿಯ ಮೈಮೇಲೆ ಬಂದ ಭೂತ ಮಾತಾಡುತ್ತದೆ. ಮನೆಯವರು ಕೇಳುತ್ತಾರೆ, ವಾದಿಸುತ್ತಾರೆ, ಒಪ್ಪಂದಕ್ಕೆ ಬರುತ್ತಾರೆ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ನಂಬಿಕೆ ಬೇರೆ, ಪರೀಕ್ಷಿಸಿ ನೋಡಿದ ಚಿಕಿತ್ಸೆ ಬೇರೆ. ಆದರೆ ಕಾಣದೆ ಕಾಡುವುದಕ್ಕೆ ಒಂದು ಮುಖ, ಒಂದು ಬಾಯಿ ಕೊಟ್ಟರೆ ಅದರ ಜೊತೆ ಮಾತಾಡಬಹುದು ಅನ್ನುವ ತಿಳಿವು ನಮ್ಮ ಕರಾವಳಿಗೆ ಹೊಸದಾಗಿರಲಿಲ್ಲ.

ಇನ್ನೊಂದು ಪ್ರಶ್ನೆಯೂ ಎದ್ದಿತು. ಆ ಗೊಂಬೆ ಮುಖ ಯಾವ ಭಾಷೆ ಮಾತಾಡಬೇಕು? ಕಾಡುವ ದನಿ ಮನೆಮಾತಿನಲ್ಲಿ ಬೈಯುತ್ತಿದ್ದರೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಪ್ರಯೋಜನವೇನು? ಗಡಿಯಾಚೆ ಕನ್ನಡ ಕಲಿಸುವ ನಮಗೆ ಇದು ದಿನನಿತ್ಯದ ಪ್ರಶ್ನೆ. ಮನೆಯಲ್ಲಿ ಬಡಗ ಮಾತು, ತರಗತಿಯಲ್ಲಿ ಕನ್ನಡ, ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ತಮಿಳು. ನನ್ನ ಕೆಲವು ಮಕ್ಕಳು ಹೊಟ್ಟೆನೋವನ್ನು ಮೂರು ಭಾಷೆಯಲ್ಲಿ ಹೇಳಬಲ್ಲರು. ಮನಸ್ಸಿನ ನೋವನ್ನು ಒಂದರಲ್ಲೂ ಹೇಳಲಾರರು.

ಭಾಷೆಯಂತೆ ಮುಖವೂ. 2006ರಲ್ಲಿ ಕೇಂಬ್ರಿಡ್ಜಿನ ಸೈಮನ್ ಬ್ಯಾರನ್-ಕೋಹೆನ್ ಅವರ ಆಟಿಸಂ ಸಂಶೋಧನಾ ಕೇಂದ್ರ ದಿ ಟ್ರಾನ್ಸ್‌ಪೋರ್ಟರ್ಸ್ ಅಂತ ಹದಿನೈದು ಕಂತುಗಳ ಅನಿಮೇಷನ್ ಸರಣಿ ಹೊರತಂದಿತು. ಆಟಿಸಂ ಇರುವ ಅನೇಕ ಮಕ್ಕಳಿಗೆ ಎದುರಿನವರ ಮುಖ ನೋಡುವುದೇ ಕಷ್ಟ. ಮುಖ ಯಾವ ಕ್ಷಣಕ್ಕೆ ಹೇಗೆ ಬದಲಾಗುತ್ತದೋ ಹೇಳಲಾಗದು. ಆದರೆ ಹಳಿಯ ಮೇಲೆ ಓಡುವ ಬಂಡಿಗಳೆಂದರೆ ಹಲವರಿಗೆ ಪ್ರಾಣ, ಅವು ಹೋದ ದಾರಿಯಲ್ಲೇ ಹೋಗುತ್ತವೆ, ಬಂದ ದಾರಿಯಲ್ಲೇ ಬರುತ್ತವೆ. ಆದ್ದರಿಂದ ಟ್ರಾಮು, ಕೇಬಲ್ ಕಾರುಗಳಂಥ ಬಂಡಿಗಳ ಮೂತಿಗೆ ನಿಜವಾದ ಮನುಷ್ಯರ ಮುಖ ಅಂಟಿಸಿ, ಒಂದೊಂದು ಕಂತಿನಲ್ಲಿ ಒಂದೊಂದು ಭಾವ ತೋರಿಸಿದರು. ಸಂತೋಷ, ದುಃಖ, ಕೋಪದಿಂದ ಹಿಡಿದು ಹೆಮ್ಮೆ, ಹೊಟ್ಟೆಕಿಚ್ಚಿನವರೆಗೆ. ನಾಲ್ಕರಿಂದ ಏಳು ವರ್ಷದ ಮಕ್ಕಳು ನಾಲ್ಕು ವಾರ ದಿನಾ ನೋಡಿದರು. ಮುಖ ನೋಡಿ ಭಾವ ಗುರುತಿಸುವುದರಲ್ಲಿ ಅವರು ಬಹಳ ಮುಂದೆ ಬಂದದ್ದು 2010ರಲ್ಲಿ ಪ್ರಕಟವಾಯಿತು.

1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ಹತ್ತಿ ಬಂದ ನಮ್ಮ ಹಲ್ಲುಹಳಿಯ ರೈಲಿನ ಮೂತಿಗೆ ಒಂದು ಬಡಗ ಅಜ್ಜನ ಮುಖ ಅಂಟಿಸಿದರೆ ಹೇಗಿದ್ದೀತು! ನಮ್ಮ ಮಕ್ಕಳು ಬಿಟ್ಟ ಬಾಯಿ ಮುಚ್ಚದೆ ನೋಡಿಯಾರು. ತಮಾಷೆಗೆ ಹೇಳಿದರೂ ವಿಷಯ ತಮಾಷೆಯದಲ್ಲ. ನಿಮ್ಹಾನ್ಸಿನವರೇ 2008ರಲ್ಲಿ ಇಂಥದ್ದೊಂದು ಕೆಲಸ ಮಾಡಿದ್ದಾರೆ. ರೋಗಿಗಳು ಭಾವವನ್ನು ಎಷ್ಟು ಸರಿಯಾಗಿ ಗುರುತಿಸುತ್ತಾರೆ ಅಂತ ಅಳೆಯಲು ವಿದೇಶಿ ಮುಖಗಳ ಚಿತ್ರ ಬೇಡವೆಂದು, ನಮ್ಮ ದೇಶದ ನಟನಟಿಯರಿಂದಲೇ ಭಾವ ಅಭಿನಯಿಸಿ ಸ್ಥಿರಚಿತ್ರ ಮತ್ತು ವಿಡಿಯೋ ತುಣುಕುಗಳ ಒಂದು ಸಾಧನ ಮಾಡಿದರು. ಹರೆಯದವರು, ವಯಸ್ಸಾದವರು ಇಬ್ಬರೂ ಅದರಲ್ಲಿದ್ದಾರೆ. ಅದಕ್ಕೆ ಟ್ರೆಂಡ್ಸ್ ಅಂತ ಹೆಸರು. ನಮ್ಮ ಕೋಪ, ನಮ್ಮ ನಾಚಿಕೆ ನಮ್ಮ ಮುಖದಲ್ಲೇ ಇರಬೇಕು ಅಂತ ಯಾರೋ ಯೋಚಿಸಿದರಲ್ಲ, ಅದು ದೊಡ್ಡದು.

ನಿಮ್ಹಾನ್ಸ್ ಆಸ್ಪತ್ರೆಯ ಗೋಡೆ ದಾಟಿ ಹೊರಬಂದದ್ದೂ ಈ ಇತಿಹಾಸದ ಭಾಗವೇ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯಿತು. 14416ಕ್ಕೆ ಫೋನ್ ಮಾಡಿದರೆ ಯಾವ ಹೊತ್ತಿನಲ್ಲೂ ದುಡ್ಡಿಲ್ಲದೆ ಮಾತಾಡಬಹುದು. ಅದರ ರಾಷ್ಟ್ರಮಟ್ಟದ ಮುಖ್ಯ ಕೇಂದ್ರವೂ ನಿಮ್ಹಾನ್ಸೇ. ಭಾಷೆಗಳ ಪಟ್ಟಿಯಲ್ಲಿ ಕನ್ನಡ, ತಮಿಳು ಎರಡೂ ಇವೆ. ಈ ನಂಬರನ್ನು ಶಾಲೆಯ ಗೋಡೆಯ ಮೇಲೆ ಬರೆಸಿ ಅಂತ ಕೇಳಿಕೊಳ್ಳುತ್ತೇನೆ.

ಪಾಲಕರ ಸಭೆಯಲ್ಲಿ ಈ ವಿಷಯ ಹೇಳಿದ್ದೆ. ಒಬ್ಬ ತಾಯಿ ಎದ್ದು ನಿಂತು, "ಹಾಗಾದ್ರೆ ಸಾರ್, ನನ್ ಮಗ ದಿನಪೂರ್ತಿ ಫೋನಲ್ಲಿ ಗೇಮ್ ಆಡ್ತಾನೆ, ಅದೂ ಮದ್ದೇನಾ?" ಅಂದರು. ಎಲ್ಲರೂ ನಕ್ಕರು. ಕೇಳಬೇಕಾದ ಪ್ರಶ್ನೆಯೇ. ಕೊರೊನಾ ಕಾಲದಲ್ಲಿ ನಮ್ಮಲ್ಲಿ ಒಂದರಿಂದ ಎಂಟನೇ ತರಗತಿಯವರೆಗೆ 2021ರ ನವೆಂಬರ್ ತನಕ ಶಾಲೆ ತೆರೆದಿರಲಿಲ್ಲ. ಪಾಠಕ್ಕೆಂದು ಕೈಗೆ ಬಂದ ಫೋನ್ ಮತ್ತೆ ಕೈಬಿಡಲಿಲ್ಲ. ಮಾಯಾಲೋಕವೇ ರೋಗವಾಗುವುದೂ ಉಂಟು. ಅದಕ್ಕೆಂದೇ ನಿಮ್ಹಾನ್ಸ್ 2014ರಲ್ಲಿ ಷಟ್ ಕ್ಲಿನಿಕ್ ಅಂತ ಬೇರೆ ಚಿಕಿತ್ಸಾಲಯ ತೆರೆದಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಗೇಮಿನ ಗೀಳೂ ಸೇರಿದೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟು. ಚಿಕಿತ್ಸೆಯ ಆಟ ಮುಗಿಯುವುದಕ್ಕೆಂದೇ ಮಾಡಿದ್ದು, ಅರ್ಧ ಗಂಟೆಗೆ ಮುಗಿಯುತ್ತದೆ, ಹೊರಗಿನ ಲೋಕಕ್ಕೆ ಕಳಿಸುತ್ತದೆ. ನಿಮ್ಮ ಮಗನ ಗೇಮು ಮುಗಿಯದಿರುವುದಕ್ಕೆಂದೇ ಮಾಡಿದ್ದು. ಆಮೇಲೆ ಇನ್ನೊಂದು ಮಾತು, ಯೂಟ್ಯೂಬಿನಲ್ಲಿ ಗುಡ್ಡ ಕುಸಿಯುವ ವಿಡಿಯೋ ಹಾಕಿ ಹೆದರಿದ ಮಗುವಿನ ಎದುರು ಹಿಡಿಯಬೇಡಿ. ಅದು ಚಿಕಿತ್ಸೆಯಲ್ಲ, ನಾನು ಬಾಗಿಲು ಹಾಕಿಸಿದ ಹಾಗೆಯೇ.

2022ರಲ್ಲಿ ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ತಂಡದ ಗೇಮ್‌ಚೇಂಜ್ ಅನ್ನುವ ಚಿಕಿತ್ಸೆಯ ಫಲಿತಾಂಶ ಬಂತು. ತೀವ್ರ ಮನೋರೋಗದಿಂದ ಮನೆಬಿಟ್ಟು ಹೊರಬರಲಾಗದ 346 ಜನರ ಮೇಲೆ ಪರೀಕ್ಷೆ ಮಾಡಿದ್ದರು. ಯುದ್ಧ ಇಲ್ಲ, ಐವತ್ತು ಅಂತಸ್ತು ಇಲ್ಲ. ಹೆಡ್‌ಸೆಟ್ಟಿನೊಳಗೆ ಇದ್ದದ್ದು ಒಂದು ಬೀದಿ, ಒಂದು ಬಸ್ಸು, ಒಂದು ಅಂಗಡಿ, ಒಂದು ಕಾಫಿ ಹೋಟೆಲು, ಡಾಕ್ಟರ ಕೋಣೆಯ ಹೊರಗಿನ ಬೆಂಚು. ಹೊರಗೆ ಕಾಲಿಡಲು ಅತಿಯಾಗಿ ಅಂಜುತ್ತಿದ್ದವರಿಗೇ ಅದು ಹೆಚ್ಚು ಉಪಯೋಗಕ್ಕೆ ಬಂತು.

ಇದನ್ನು ಓದಿ ನಾನೂ ಒಂದು ಹಾಳೆ ತೆಗೆದುಕೊಂಡು ಬರೆದೆ. ಮಂಜೂರಿಗೆ ಇಂಥದ್ದು ಯಾರಾದರೂ ಮಾಡಿದರೆ ಏನೇನಿರಬೇಕು? ಬಸ್ ಸ್ಟ್ಯಾಂಡಿನ ನೂಕುನುಗ್ಗಲು. ರೇಷನ್ ಅಂಗಡಿಯ ಸಾಲು. ಟೀ ಸೊಪ್ಪು ತೂಕ ಹಾಕುವ ಜಾಗ, ತೂಕದವನ ಜೊತೆ ಜಗಳ. ಗೆದ್ದೆಗೆ ಇಳಿಯುವ ಘಾಟಿಯ ತಿರುವಿನಲ್ಲಿ ಆನೆಗಾಗಿ ನಿಂತ ಬಸ್ಸು. ಇವುಗಳ ಚಿತ್ರ ಬರೆಯುವವರು ಆಕ್ಸ್‌ಫರ್ಡಿನಲ್ಲಿಲ್ಲ. ಕಂಪ್ಯೂಟರ್ ಕಲಿತು ಬೆಂಗಳೂರು, ಕೊಯಮತ್ತೂರಿಗೆ ಹೋದ ನಮ್ಮ ಹಳೇ ವಿದ್ಯಾರ್ಥಿಗಳಿದ್ದಾರೆ. ಈ ಬರಹ ಅವರ ಕಣ್ಣಿಗೂ ಬೀಳಲಿ.

ಇನ್ನು ಆ ಹುಡುಗ.

ಅವನು ಬಾರದೆ ಹತ್ತು ದಿನ ಕಳೆದ ಮೇಲೆ ನಮ್ಮ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರು, ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದವರು, ನನ್ನನ್ನೂ ಕರೆದುಕೊಂಡು ಅವನ ಮನೆಗೆ ಹೋದರು. ಅವರು ಮೇರಿ ಜೋನ್ಸ್ ಹೆಸರು ಕೇಳಿದವರಲ್ಲ. "ಮಳೆ ಬೇಕು ಅಂದಾಗ ಬರಲ್ಲ, ಬೇಡ ಅಂದಾಗ ನಿಲ್ಲಲ್ಲ. ಹಿಡಿದಿಟ್ಟುಕೊಳ್ಳೋಣ" ಅಂತ ಶಾಲೆಯ ಶೀಟಿನ ಮೇಲೆ ಬಿದ್ದ ಮಳೆಯ ಸದ್ದನ್ನು ತಮ್ಮ ಬಟನ್ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು. ಅವನಿಗೆ ಸುಂಡಲ್ ಅಂದರೆ ಇಷ್ಟ. ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ, ತಿನ್ನಲು ಕೊಟ್ಟು, ಫೋನನ್ನು ಅವನ ಕೈಗೇ ಕೊಟ್ಟರು. "ಎಷ್ಟು ಮಳೆ ಬೇಕೋ ಅಷ್ಟೇ ಇಡು, ಸಾಕು ಅನಿಸಿದರೆ ಬಟನ್ ಒತ್ತು" ಅಂದರು. ಮೊದಲ ದಿನ ಎರಡು ಸೆಕೆಂಡಿಗೆ ಒತ್ತಿಬಿಟ್ಟ. ಅಕ್ಕ ಏನೂ ಅನ್ನಲಿಲ್ಲ. ವಾರಕ್ಕೆ ಎರಡು ಮೂರು ಸಂಜೆ ಹೀಗೇ ನಡೆಯಿತು. ಪೊಂಗಲ್ ಹಬ್ಬ ಕಳೆದು ಶಾಲೆಗೆ ಬಂದ. ಏಪ್ರಿಲ್ಲಿನ ಬೇಸಿಗೆ ಮಳೆಗೆ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತಿದ್ದ, ಮುಖ ಬಿಳುಚಿತ್ತು, ಕೈ ಬೆಂಚನ್ನು ಹಿಡಿದಿತ್ತು. ಓಡಲಿಲ್ಲ.

ಎಲ್ಲ ಮಕ್ಕಳಿಗೂ ಹೀಗೆ ಆಗುತ್ತದೆ ಅಂತ ದಯವಿಟ್ಟು ತಿಳಿಯಬೇಡಿ. ಇವನದು ಇಷ್ಟಕ್ಕೆ ಬಗ್ಗಿತು. ಬಗ್ಗದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು.

2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಬಿತ್ತು. ನಮ್ಮ ಕಡೆಯೂ ಗುಡ್ಡ ಜಾರಿ ಜನ ಶಾಲೆಗಳಲ್ಲಿ ಉಳಿದುಕೊಂಡರು. ಅಕ್ಕಿ ಮೂಟೆ ಇಳಿಸಲು ಬಂದ ಹುಡುಗರಲ್ಲಿ ಇವನೂ ಇದ್ದ. ಹತ್ತೊಂಬತ್ತು ವರ್ಷ, ನನಗಿಂತ ಒಂದು ಗೇಣು ಎತ್ತರ. ಶೀಟಿನ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು, ಪಕ್ಕದಲ್ಲಿದ್ದವರ ಮಾತೂ ಕೇಳದಷ್ಟು. ಮೂಟೆ ಇಳಿಸಿ ನನ್ನ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದ:

"ಸಾರ್, ಈ ಮಳೆಗೆ ಬಟನ್ ಇಲ್ವಲ್ಲ!"

ಹೇಳಿ ನಗುತ್ತಾ ಮುಂದಿನ ಮೂಟೆಗೆ ಹೋದ.